ಪ್ಲಗ್ ತೆಗೆದ ಮೇಲೂ ಉಳಿಯುವ ಶಿಲ್ಕು

ಕಾಮರ್ಸ್ ಓದುವವನಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ಮಿತ್ರರು ಕೇಳಬಹುದು. ಕಾರಣವಿದೆ. ಊರಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಮುಂಬಯಿಗೆ ಬಂದ ನಾನು ಸಂಜೆ ಹೊತ್ತು ಮಾವನ ರಿಪೇರಿ ಅಂಗಡಿಯಲ್ಲಿ ಕೂರುತ್ತೇನೆ. ಹೋದ ದೀಪಾವಳಿ ರಜೆಯಲ್ಲಿ ಒಂದು ಮೈಕ್ರೋವೇವ್ ಓವನ್ ಬಂತು. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಒಳಗೆ ಕೈ ಹಾಕಲು ಹೋದೆ. ಮಾವ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಪ್ಲಗ್ ತೆಗೆದ್ರೆ ಆಯ್ತಾ ಮಾರಾಯ? ಕಂಡೆನ್ಸರ್ ಯಾರು ನೋಡ್ಬೇಕು?"

ಅವರು ಅದನ್ನು ಖಾಲಿ ಮಾಡುವಾಗ ಚಟ್ ಎಂದು ಕಿಡಿ ಹಾರಿತು. ಅದು ನನ್ನ ಬೆರಳಿಗೆ ಹಾರಬೇಕಾದ ಕಿಡಿ.

ವಿಷಯ ಇಷ್ಟು. ಟ್ರಾನ್ಸ್‌ಫಾರ್ಮರ್ ಇರುವ ಓವನಿನಲ್ಲಿ ಗೋಡೆಯ 230 ವೋಲ್ಟ್ ಸುಮಾರು 2,000ಕ್ಕೆ ಏರುತ್ತದೆ. ಕಂಡೆನ್ಸರ್ ಮತ್ತು ಡಯೋಡ್ ಸೇರಿ ಅದನ್ನು ಸುಮಾರು 4,000 ಮಾಡಿ ಮ್ಯಾಗ್ನೆಟ್ರಾನಿಗೆ ಕೊಡುತ್ತವೆ. ಕಂಡೆನ್ಸರ್ ಅಂದ್ರೆ ಚಾರ್ಜ್ ಕೂಡಿಡುವ ಡಬ್ಬಿ. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳುವುದಾದರೆ, ವ್ಯಾಪಾರ ನಿಂತರೂ ಖಾತೆಯಲ್ಲಿ ಶಿಲ್ಕು ಉಳಿದಿರುತ್ತದೆ. ಅದನ್ನು ನಿಧಾನವಾಗಿ ಇಳಿಸಲು ಸಾಮಾನ್ಯವಾಗಿ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಆದರೆ ಅದು ಕೆಟ್ಟಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ.

ಮಾವನ ಕ್ರಮ ಹೀಗಿದೆ:

1. ತೆಗೆದ ಪ್ಲಗ್ ಕಣ್ಣೆದುರಿಗೇ ಇರಬೇಕು. ಉಂಗುರ, ವಾಚು ಕಳಚಿಡಬೇಕು. ಒಬ್ಬನೇ ಇದ್ದಾಗ ಕೆಲಸ ಬೇಡ.

2. ಕೆಲವು ನಿಮಿಷ ಕಾಯಬೇಕು. ಕಾದೆವೆಂದು ನಂಬಿ ಕೈ ಹಾಕಬಾರದು.

3. ಒಂದು ಕೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆಯ ಮೂಲಕ ಹಾಯುತ್ತದೆ. ಅಲ್ಲಿ 30 ಮಿಲಿ ಆಂಪಿಯರ್ ಕೂಡ ಜೀವಕ್ಕೆ ಅಪಾಯ.

4. ಹೈ ವೋಲ್ಟೇಜಿಗೆಂದೇ ಮಾಡಿದ, ರೆಸಿಸ್ಟರ್ ಇರುವ ಕಡ್ಡಿಯ ಕ್ಲಿಪ್ಪನ್ನು ಮೊದಲು ಚಾಸಿಸ್ಸಿಗೆ ಸಿಕ್ಕಿಸಬೇಕು. ಆಮೇಲೆ ಕಂಡೆನ್ಸರಿನ ಎರಡೂ ಟರ್ಮಿನಲ್‌ಗಳಿಗೆ ಒಂದೊಂದಾಗಿ ಮುಟ್ಟಿಸಬೇಕು. ಕೊನೆಗೆ ಎರಡನ್ನೂ ಪರಸ್ಪರ ಸೇರಿಸಿ ನೋಡಬೇಕು.

5. ಚಾಲೂ ಓವನಿನ ಹೈ ವೋಲ್ಟೇಜಿಗೆ ಸಾಧಾರಣ ಮೀಟರ್ ಹಿಡಿಯಲೇಬಾರದು.

ಇನ್ನೊಂದು ಮಾತು. ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಕರೆಂಟ್ ಆ ಬದಿಯಲ್ಲೇ ಸುತ್ತಿ ಬರುತ್ತದೆ. ನಮ್ಮ ಮೈಯಲ್ಲಿ ಅದು ಹರಿದರೂ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ.

ಇದನ್ನೆಲ್ಲ ಬರೆಯಲು ನಿಜವಾದ ಕಾರಣ ನಮ್ಮ ಸಂಘದ ಕಳೆದ ಸಭೆ. ರಾಜ್ಯೋತ್ಸವಕ್ಕೆ ಸಂಘದ ಹೆಸರಿನ ಮರದ ಹಲಗೆ ಬೇಕು. ಹಳೇ ಓವನಿನ ಟ್ರಾನ್ಸ್‌ಫಾರ್ಮರ್ ಕಿತ್ತು, ಹಲಗೆಗೆ ಉಪ್ಪುನೀರು ಬಳಿದು, ಕರೆಂಟಿನಿಂದ ಮಿಂಚಿನಂಥ ಗೆರೆ ಸುಡಿಸೋಣ ಎಂದು ಒಬ್ಬ ಗೆಳೆಯ ಫೋನಿನಲ್ಲಿ ವಿಡಿಯೋ ತೋರಿಸಿದ. ಎಲ್ಲರೂ "ಸೈ" ಅಂದರು. ನಾನೂ ಆಗ ಸುಮ್ಮನಿದ್ದೆ, ಅದು ನನ್ನ ತಪ್ಪು. ರಾತ್ರಿ ಮಾವನಿಗೆ ಹೇಳಿದಾಗ ಅವರು ಊಟದ ತಟ್ಟೆಯಿಂದ ಕೈ ತೆಗೆದರು. ಈ ಕೆಲಸ ಮಾಡಲು ಹೋಗಿ ಅಮೆರಿಕದಲ್ಲಿ ಹಲವರು ಸತ್ತಿದ್ದಾರೆ. ಕಂಡೆನ್ಸರಿನ ಶಿಲ್ಕು ಒಂದೇ ಏಟಿಗೆ ಮುಗಿಯುತ್ತದೆ. ಚಾಲೂ ಟ್ರಾನ್ಸ್‌ಫಾರ್ಮರ್ ಹಾಗಲ್ಲ, ಅದು ಕೊಡುತ್ತಲೇ ಇರುತ್ತದೆ. ಹಿಡಿದವನನ್ನು ಬಿಡಿಸಲು ಹೋದವನಿಗೂ ಕೊಡುತ್ತದೆ. ಮೊದಲು ಸ್ವಿಚ್ ಆರಿಸದೆ ಯಾರೂ ಮುಟ್ಟುವಂತಿಲ್ಲ.

ಆದ್ದರಿಂದ ಮಿತ್ರರೇ, ಈ ಸಲ ಹಲಗೆಗೆ ಬಣ್ಣವನ್ನೇ ಹಚ್ಚೋಣ. ಬ್ರಷ್ಷು, ಡಬ್ಬಿ ನಾನು ತರುತ್ತೇನೆ.