ಗುದ್ದಲಿ ಪೂಜೆ ಆಗಲಿ, ಪಾಯ ಮಾತ್ರ ಕಾಯಲಿ

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಯಜಮಾನರು ಮಸ್ಕತ್‌ನಲ್ಲಿ ಕೆಲಸ ಮಾಡುತ್ತಾರೆ. ಅವರ ದುಡಿಮೆ, ನನ್ನ ಉಳಿತಾಯ ಎರಡೂ ಸೇರಿಸಿ ಮೂವತ್ತು–ನಲವತ್ತರ ಸೈಟೊಂದನ್ನು ಇಬ್ಬರ ಹೆಸರಿಗೂ ಮಾಡಿಸಿಕೊಂಡಿದ್ದೇವೆ. ಈಗ ಮನೆ ಕಟ್ಟಬೇಕು. ಆಷಾಢ ಬರುವುದರೊಳಗೆ ಗುದ್ದಲಿ ಪೂಜೆ ಆಗಲೇಬೇಕೆಂದು ಅತ್ತೆ ದಿನ ನೋಡಿಸಿದ್ದಾರೆ. ಭಾವನವರು ತಮಗೆ ಪರಿಚಯದ ಕಂಟ್ರಾಕ್ಟರನ್ನು ಕರೆತಂದಿದ್ದಾರೆ. ‘ಪ್ಲ್ಯಾನ್ ಸ್ಯಾಂಕ್ಷನ್ ಆಮೇಲೆ ಮಾಡಿಸ್ಕೊಳ್ಳೋಣ, ಮೊದ್ಲು ಪಾಯ ಹಾಕಿಬಿಡೋಣ’ ಅನ್ನುತ್ತಾರೆ ಅವರು. ಏಜೆಂಟ್ ಒಬ್ಬರು ಅಸಲು ಕಾಗದಪತ್ರಗಳನ್ನೆಲ್ಲ ಕೊಡಿ, ಆಫೀಸಿನ ‘ಒಳಗಿನ ಖರ್ಚು’ ಸೇರಿ ಇಷ್ಟಾಗುತ್ತದೆ ಎಂದು ಒಂದು ಮೊತ್ತ ಹೇಳಿದ್ದಾರೆ. ಪ್ಲ್ಯಾನಿನಲ್ಲಿ ತೋರಿಸಿದ್ದಕ್ಕಿಂತ ಒಂದು ಮಹಡಿ ಹೆಚ್ಚು ಎಬ್ಬಿಸಿದರೆ ಬಾಡಿಗೆ ಬರುತ್ತದೆ ಎಂಬುದು ಭಾವನವರ ಲೆಕ್ಕ. ನಾನು ಅನುಮಾನ ಪಟ್ಟರೆ, ‘ನಿಂಗೇನಮ್ಮ ಗೊತ್ತಾಗುತ್ತೆ, ಊರೆಲ್ಲ ಕಟ್ಟಿರೋದೇ ಹೀಗೆ’ ಎಂದು ಬಾಯಿ ಮುಚ್ಚಿಸುತ್ತಾರೆ. ಪಾಲಿಕೆ ಕಚೇರಿಯ ಮೆಟ್ಟಿಲು ಹತ್ತಿ ನನಗೆ ಗೊತ್ತಿಲ್ಲ. ಮನೆಯಲ್ಲಿ ಮನಸ್ತಾಪವೂ ಬೇಡ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಜೀವಮಾನದ ದುಡಿಮೆಯನ್ನು ಮಣ್ಣಿಗೆ ಹಾಕುವ ಮುಂಚೆ ‘ಕಾಗದ ಸರಿಯಿದೆಯಾ?’ ಎಂದು ಕೇಳುವುದು ಹೆಂಗಸರ ಅಂಜುಬುರುಕುತನವೂ ಅಲ್ಲ, ಮೊಂಡುತನವೂ ಅಲ್ಲ. ಮನೆ ಕಟ್ಟಿಸುವವರ ಮೊದಲ ಜವಾಬ್ದಾರಿಯೇ ಅದು. ನಾನು ಹೇಳುವುದು ಇಷ್ಟೆ: ಮಂಜೂರಾದ ನಕ್ಷೆ ಕೈಗೆ ಬರುವವರೆಗೂ ಸೈಟಿನಲ್ಲಿ ಅಗೆತ ಬೇಡ, ಕಡತ ನಿಮ್ಮ ಹಿಡಿತ ತಪ್ಪುವುದೂ ಬೇಡ.

ಮೊದಲು ಅತ್ತೆಯವರ ವಿಷಯ, ಏಕೆಂದರೆ ಅದಕ್ಕೆ ಸುಲಭದ ದಾರಿಯಿದೆ. ಪೂಜೆಗೆ ಯಾವ ಅನುಮತಿಯೂ ಬೇಕಿಲ್ಲ. ಅವರು ನೋಡಿಸಿದ ದಿನವೇ ಈಶಾನ್ಯ ಮೂಲೆಯಲ್ಲಿ ಶಾಸ್ತ್ರಕ್ಕೆ ಗುದ್ದಲಿ ಹಾಕಿ, ನವಧಾನ್ಯ ಬಿಟ್ಟು, ಪೂಜೆ ಮುಗಿಸಿ. ಅತ್ತೆಯ ಕೈಯಲ್ಲೇ ಮೊದಲ ಗುದ್ದಲಿ ಹಾಕಿಸಿ. ಮುಹೂರ್ತ ಅಲ್ಲಿಗೆ ಸಂದಂತೆ. ಜೆಸಿಬಿ ಮಾತ್ರ ಅನುಮತಿ ಬಂದ ಮೇಲೆ ಬರಲಿ. ಶಾಸ್ತ್ರ ಒಂದು ದಿನ, ಅಗೆತ ಇನ್ನೊಂದು ದಿನ ಆದರೆ ದೋಷವಿಲ್ಲ ಎಂದು ನಿಮ್ಮ ಪುರೋಹಿತರ ಬಾಯಲ್ಲೇ ಹೇಳಿಸಿದರೆ ಅತ್ತೆಯವರೂ ಸಮಾಧಾನವಾಗುತ್ತಾರೆ.

ಇನ್ನು ‘ಆಮೇಲೆ ಮಾಡಿಸ್ಕೊಳ್ಳೋಣ’ ಎಂಬ ಮಾತು. ಆ ಕಾಲ ಹೋಯಿತು ಎಂದು ಭಾವನವರಿಗೆ ಹೇಳಿ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ರಾಜ್ಯದ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆಯಾಜ್ಞೆ ಕೊಟ್ಟಿತು. 2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯ ಇನ್ನಷ್ಟು ಕಟುವಾಗಿ ಹೇಳಿತು: ಕಟ್ಟಡಕ್ಕೆ ಸುರಿದ ಹಣವಾಗಲಿ, ಅಧಿಕಾರಿಗಳು ಇಷ್ಟು ದಿನ ಸುಮ್ಮನಿದ್ದರು ಎಂಬ ನೆಪವಾಗಲಿ ಅಕ್ರಮವನ್ನು ಸಕ್ರಮ ಮಾಡಲಾರವು. ಮಂಜೂರಾದ ನಕ್ಷೆಯನ್ನು ಕೆಲಸ ನಡೆಯುವಷ್ಟು ದಿನವೂ ಸೈಟಿನಲ್ಲಿ ಕಾಣುವಂತೆ ಹಾಕಬೇಕು, ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಒಸಿ, ನೋಡಿಯೇ ನೀರು–ವಿದ್ಯುತ್ ಸಂಪರ್ಕ ಕೊಡಬೇಕು ಎಂದೂ ಅದೇ ತೀರ್ಪು ಹೇಳಿದೆ. ಆ ತೀರ್ಪಿನ ನಂತರ ಕಟ್ಟಿ ಮುಗಿಸಿದ ಮನೆಗೆ ಮೀಟರ್ ಸಿಗದೆ ಬೆಂಗಳೂರಿನಲ್ಲಿ ಎಷ್ಟೋ ಜನ ಅಲೆದರು.

ಇದಕ್ಕೆ ರಾಜ್ಯ ಸರ್ಕಾರ 2025ರಲ್ಲಿ ಒಂದು ವಿನಾಯಿತಿ ಕೊಟ್ಟಿದೆ, ಅದು ನಿಮ್ಮಂಥವರಿಗೇ ಅನ್ವಯಿಸುತ್ತದೆ. 1,200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಮೇಲೆ ಎರಡು ಮಹಡಿ, ಇಲ್ಲವೇ ಸ್ಟಿಲ್ಟ್ ಮತ್ತು ಮೇಲೆ ಮೂರು ಮಹಡಿಯ ಮನೆಗೆ ಒಸಿ ಕಡ್ಡಾಯವಿಲ್ಲ. ಕಂಟ್ರಾಕ್ಟರು ಇದನ್ನು ‘ಏನೂ ಬೇಕಾಗಿಲ್ಲವಂತೆ’ ಎಂದು ಹೇಳಬಹುದು. ವಿನಾಯಿತಿ ಇರುವುದು ಒಸಿಗೆ, ನಕ್ಷೆ ಮಂಜೂರಾತಿಗೆ ಅಲ್ಲ. ಭಾವನವರು ಹೇಳುವ ಆ ಹೆಚ್ಚುವರಿ ಮಹಡಿ ಈ ಮಿತಿಯನ್ನು ದಾಟಿದ ದಿನ ವಿನಾಯಿತಿಯೂ ನಿಮ್ಮ ಕೈ ಬಿಡುತ್ತದೆ. ಒಂದು ಮಹಡಿಯ ಬಾಡಿಗೆಯ ಆಸೆಗೆ ಇಡೀ ಮನೆಯ ನೀರು, ಕರೆಂಟನ್ನು ಒತ್ತೆ ಇಟ್ಟಂತಾಗುತ್ತದೆ.

ಮಹಡಿ ಏರಿಸುವ ಮಾತು ಬರೀ ಕಾನೂನಿನದೂ ಅಲ್ಲ. ಪಾಯದ ಆಳ, ಪಿಲ್ಲರಿನ ಅಳತೆ, ಅದರೊಳಗಿನ ಕಬ್ಬಿಣ ಎಲ್ಲವನ್ನೂ ಎಂಜಿನಿಯರ್ ಲೆಕ್ಕ ಹಾಕುವುದು ನಕ್ಷೆಯಲ್ಲಿರುವ ಮಹಡಿಗಳ ಭಾರಕ್ಕೆ. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ಅಕ್ರಮವಾಗಿ ಮೇಲೇರುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. ‘ಊರೆಲ್ಲ ಕಟ್ಟಿರೋದೇ ಹೀಗೆ’ ಎನ್ನುವವರಿಗೆ ಆ ಊರಲ್ಲೇ ನಡೆದ ಈ ಘಟನೆಯನ್ನು ನೆನಪಿಸಿ.

ಈಗ ಕೆಲಸದ ದಾರಿಗೆ ಬರೋಣ. ಕಚೇರಿಯ ಮೆಟ್ಟಿಲು ಹತ್ತುವ ಮುನ್ನ ಮನೆಯಲ್ಲೇ ಕೂತು ಮಾಡಬೇಕಾದ್ದು ಬಹಳಷ್ಟಿದೆ.

ಒಂದು, ಅನುಮತಿ ಕೊಡುವವರು ಯಾರು ಎಂದು ಖಚಿತ ಮಾಡಿಕೊಳ್ಳಿ. ಬಿಬಿಎಂಪಿ ಈಗಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಿವೆ. ನಿಮ್ಮ ಸೈಟು ಯಾವುದಕ್ಕೆ ಸೇರಿದೆ ನೋಡಿ. ಬಿಡಿಎ ಬಡಾವಣೆಯಾಗಿದ್ದು ಅದಿನ್ನೂ ಪಾಲಿಕೆಗೆ ಹಸ್ತಾಂತರವಾಗಿಲ್ಲದಿದ್ದರೆ ಅನುಮತಿ ಬಿಡಿಎಯಿಂದಲೇ ಬರಬೇಕು.

ಎರಡು, ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ. ಕ್ರಯಪತ್ರ, ಅದಕ್ಕೆ ಹಿಂದಿನ ತಾಯಿಪತ್ರಗಳು, ಭೂಪರಿವರ್ತನೆ ಆದೇಶ, ಇ–ಖಾತಾ, ಇಸಿ, ಈ ಸಾಲಿನ ಆಸ್ತಿ ತೆರಿಗೆ ರಸೀದಿ. ಇಬ್ಬರ ಹೆಸರೂ ಎಲ್ಲ ಕಡೆ ಒಂದೇ ರೀತಿ ಇದೆಯೇ? ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಖಾತೆಯಲ್ಲಿ ಹಿಂದೆ ಇದ್ದರೂ ಕಡತ ನಿಲ್ಲಬಹುದು. ಕ್ರಯಪತ್ರದ ಚಕ್ಕುಬಂದಿಯೂ ಖಾತೆಯಲ್ಲಿರುವ ಚಕ್ಕುಬಂದಿಯೂ ಹೊಂದುತ್ತವೆಯೇ? ಖಾತೆ ‘ಎ’ ಇದೆಯೋ ‘ಬಿ’ ಇದೆಯೋ? ‘ಬಿ’ ಆಗಿದ್ದರೆ ನಕ್ಷೆಯ ಮಾತಿಗಿಂತ ಮುಂಚೆ ಖಾತೆಯದನ್ನೇ ಸರಿಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಒಂದು ರೂಪಾಯಿ ಮುಂಗಡವನ್ನೂ ಕಂಟ್ರಾಕ್ಟರಿಗೆ ಕೊಡಬೇಡಿ.

ಮೂರು, ಒಂದು ಭಾನುವಾರ ಟೇಪು ಹಿಡಿದು ಸೈಟಿಗೆ ಹೋಗಿ. ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ. 30 ಅಡಿ, 40 ಅಡಿಯ ಸೈಟು ನಿಜಕ್ಕೂ ಚೌಕವಾಗಿದ್ದರೆ ಎರಡೂ ಅಡ್ಡಮೂಲೆಯ ಅಳತೆ ಸರಿಯಾಗಿ 50 ಅಡಿ ಬರಬೇಕು. ಒಂದು 49, ಇನ್ನೊಂದು 51 ಬಂದರೆ ಎಲ್ಲೋ ಮೂಲೆ ಓರೆಯಾಗಿದೆ, ಇಲ್ಲವೇ ಪಕ್ಕದವರ ಕಾಂಪೌಂಡು ಒಳಗೆ ಬಂದಿದೆ ಎಂದರ್ಥ. ಇದು ಮೇಸ್ತ್ರಿಗಳೆಲ್ಲರಿಗೂ ಗೊತ್ತಿರುವ ಲೆಕ್ಕ. ಈ ವ್ಯತ್ಯಾಸ ಈಗ ಗೊತ್ತಾದರೆ ನಕ್ಷೆಯಲ್ಲೇ ಸರಿಪಡಿಸಬಹುದು, ಪಿಲ್ಲರ್ ಎದ್ದ ಮೇಲೆ ಗೊತ್ತಾದರೆ ಸೆಟ್‌ಬ್ಯಾಕ್ ಕಡಿಮೆಯಾಗಿ ನೋಟಿಸು ನಿಮ್ಮ ಹೆಸರಿಗೆ ಬರುತ್ತದೆ.

ನಾಲ್ಕು, ಪಾಲಿಕೆಯಲ್ಲಿ ನೋಂದಾಯಿತರಾದ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಒಬ್ಬರನ್ನು ನೀವೇ ಗೊತ್ತುಮಾಡಿ. ಏಜೆಂಟ್ ಬೇಕಾಗಿಲ್ಲ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ 50–80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಸತಿ ಕಟ್ಟಡಕ್ಕೆ ಇಂಥ ನೋಂದಾಯಿತ ತಜ್ಞರೇ ಆನ್‌ಲೈನಿನಲ್ಲಿ ನಕ್ಷೆ ಸಲ್ಲಿಸಿ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು. ಅಧಿಕಾರಿಗಳು ಆಮೇಲೆ ದಾಖಲೆ ಪರಿಶೀಲಿಸುತ್ತಾರೆ. ನೆನಪಿಡಿ, ತಾತ್ಕಾಲಿಕ ಮಂಜೂರಾತಿ ಕೈಗೆ ಬಂದದ್ದೇ ಪಾಯ ತೆಗೆಯುವ ಅವಸರ ಬೇಡ. ಆ ಪರಿಶೀಲನೆ ಮುಗಿದ ಮೇಲೆಯೇ ಕೆಲಸ ಶುರುಮಾಡಿ.

ಎಂಜಿನಿಯರ್ ನಕ್ಷೆ ತಂದಾಗ ಸಹಿ ಹಾಕುವ ಮೊದಲು ಪಕ್ಕ ಕೂತು ಬಿಡಿಸಿ ಹೇಳಿಸಿಕೊಳ್ಳಿ. ನಾಲ್ಕೂ ಕಡೆ ಎಷ್ಟು ಜಾಗ ಬಿಟ್ಟಿದ್ದಾರೆ? ಚಜ್ಜ, ಬಾಲ್ಕನಿ ಆ ಜಾಗದೊಳಗೆ ಎಷ್ಟು ಚಾಚಿವೆ? ಎಫ್‌ಎಆರ್ ಎಷ್ಟು? ಎಫ್‌ಎಆರ್ 1.75 ಎಂದರೆ 1,200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ ಲೆಕ್ಕಕ್ಕೆ ಬರುವ ಜಾಗ 2,100 ಚದರಡಿ ಮೀರುವಂತಿಲ್ಲ. ನಿಮ್ಮ ರಸ್ತೆಯ ಅಗಲಕ್ಕೆ ಈಗ ಅನ್ವಯಿಸುವ ಅಂಕಿ ಯಾವುದು ಎಂದು ಅವರಿಂದ ಬರೆಸಿಕೊಳ್ಳಿ. ಮಳೆನೀರು ಸಂಗ್ರಹ ಎಲ್ಲಿ ತೋರಿಸಿದ್ದಾರೆ ಎಂದೂ ಕೇಳಿ. 2009ರ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 30–40ರ ಹೊಸ ಮನೆಗೂ ಅದು ಕಡ್ಡಾಯ. ಸಂಪಿನ ಜೊತೆಗೇ ಕಟ್ಟಿಸಿದರೆ ಖರ್ಚೂ ಕಡಿಮೆ.

ಯಜಮಾನರು ಹೊರದೇಶದಲ್ಲಿರುವುದರಿಂದ ಇನ್ನೊಂದು ಕೆಲಸ ಇವತ್ತೇ ಶುರುವಾಗಬೇಕು. ಸೈಟು ಇಬ್ಬರ ಹೆಸರಲ್ಲಿರುವುದರಿಂದ ಅವರ ಸಹಿಯೂ ಬೇಕು. ನಿಮ್ಮ ಹೆಸರಿಗೆ ಅವರು ಅಧಿಕಾರಪತ್ರ ಬರೆದು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ನಕ್ಷೆ, ಸಾಲ, ಸಂಪರ್ಕಗಳಿಗೆ ಸಂಬಂಧಿಸಿದ ಅಧಿಕಾರವಷ್ಟೇ ಅದರಲ್ಲಿರಲಿ, ಅದೂ ನಿಮ್ಮ ಹೆಸರಿಗೇ ಇರಲಿ. ಗಂಡ–ಹೆಂಡತಿಯ ಆಸ್ತಿಗೆ ಮೂರನೆಯವರ ಹೆಸರಲ್ಲಿ ಅಧಿಕಾರಪತ್ರ ಬೇಡ, ಅವರು ಎಷ್ಟೇ ಹತ್ತಿರದವರಾಗಿರಲಿ.

ಅಸಲು ಪತ್ರಗಳನ್ನು ಯಾರಿಗೂ ಕೊಡಬೇಡಿ. ಅರ್ಜಿಗೆ ಜೆರಾಕ್ಸ್, ಸ್ಕ್ಯಾನ್ ಪ್ರತಿ ಸಾಕು, ಅಸಲನ್ನು ತೋರಿಸಬೇಕಾದರೆ ನೀವೇ ಒಯ್ದು ತೋರಿಸಿ ವಾಪಸು ತನ್ನಿ. ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರು, ನಿಮ್ಮದೇ ಇಮೇಲ್ ಇರಲಿ. ಒಟಿಪಿಯೂ, ಕಚೇರಿ ಕೇಳುವ ಪ್ರಶ್ನೆಯೂ ನಿಮಗೇ ಬಂದರೆ ಕಡತ ಎಲ್ಲಿ ನಿಂತಿದೆ ಎಂದು ಇನ್ನೊಬ್ಬರನ್ನು ಕೇಳುವ ಪ್ರಮೇಯವಿಲ್ಲ.

‘ಒಳಗಿನ ಖರ್ಚು’ ಕೊಡಬೇಡಿ. ಪರಿಶೀಲನಾ ಶುಲ್ಕ, ಪರವಾನಗಿ ಶುಲ್ಕ, ಅನ್ವಯವಾಗುವುದಾದರೆ ಕಾರ್ಮಿಕ ಸೆಸ್, ಇವೆಲ್ಲಕ್ಕೂ ಚಲನ್ ಇರುತ್ತದೆ, ರಸೀದಿ ಸಿಗುತ್ತದೆ. ರಸೀದಿ ಇಲ್ಲದ ಹಣಕ್ಕೆ ಲಂಚವೆಂದೇ ಹೆಸರು. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆಯಿದೆ. ಯಾರಾದರೂ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತಕ್ಕೆ ಹೋಗಿ.

ಕಡತ ಕೊಳೆಯುತ್ತದೆ ಎಂಬ ಭಯಕ್ಕೂ ಉತ್ತರವಿದೆ. ನಕ್ಷೆ ಮಂಜೂರಾತಿ ಸಕಾಲ ವ್ಯಾಪ್ತಿಯ ಸೇವೆ. ಅರ್ಜಿ ಹಾಕಿದಾಗ ಸಿಗುವ 15 ಅಂಕಿಯ ಸಕಾಲ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು. ಆದರೆ ಕಡತದ ಮೇಲೆ ಯಾರ ಮೇಜಿನಲ್ಲಿ ತಡವಾಯಿತು ಎಂದು ದಾಖಲಾಗುತ್ತದೆ, ಅದಕ್ಕೇ ಬೆಲೆ. ಆಕ್ಷೇಪಣೆ ಏನೇ ಇದ್ದರೂ ಲಿಖಿತದಲ್ಲೇ ಕೇಳಿ, ಲಿಖಿತದಲ್ಲೇ ಉತ್ತರಿಸಿ. ನೀವು ಆಸ್ಪತ್ರೆಯಲ್ಲಿ ದಿನವೂ ಕೇಸ್‌ಶೀಟ್ ಬರೆಯುವವರು. ಬರೆದದ್ದಕ್ಕೆ ಇರುವ ತೂಕ ನಿಮಗೆ ಬೇರೆಯವರು ಹೇಳಬೇಕಾಗಿಲ್ಲ.

ಕೊನೆಗೆ ಭಾವನವರು. ಅವರು ಓಡಾಡುತ್ತಿರುವುದು ತಮ್ಮನ ಮನೆ ಬೇಗ ಏಳಲಿ ಎಂಬ ಕಾಳಜಿಯಿಂದಲೇ ಇರಬಹುದು. ಅವರನ್ನು ದೂರ ಮಾಡಬೇಡಿ, ಕೆಲಸ ಹಂಚಿಕೊಡಿ. ‘ಭಾವ, ಮೇಸ್ತ್ರಿ, ಮರಳು, ಕಬ್ಬಿಣ ಎಲ್ಲ ನೀವೇ ನೋಡ್ಕೊಳ್ಳಿ, ನಿಮಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ. ಕಾಗದದ ಕೆಲಸ ಮಾತ್ರ ನಾನು ನೋಡ್ಕೋತೀನಿ. ಬ್ಯಾಂಕಿನೋರು ಸಾಲಕ್ಕೆ ಸ್ಯಾಂಕ್ಷನ್ ಪ್ಲ್ಯಾನೇ ಮೊದ್ಲು ಕೇಳ್ತಾರೆ’ ಎಂದು ನೇರವಾಗಿ, ಗೌರವದಿಂದ ಹೇಳಿ. ಅದೇ ಮಾತನ್ನು ಯಜಮಾನರೂ ಅದೇ ದಿನ ಫೋನಿನಲ್ಲಿ ಅಣ್ಣನಿಗೆ ಹೇಳಲಿ. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದರೆ ‘ನಿಂಗೇನಮ್ಮ ಗೊತ್ತಾಗುತ್ತೆ’ ಎಂಬುದಕ್ಕೆ ಎಡೆಯಿರುವುದಿಲ್ಲ. ಹೆಚ್ಚುವರಿ ಮಹಡಿಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ.

ಕೆಲಸ ಒಂದೆರಡು ತಿಂಗಳು ತಡವಾದರೆ ನಷ್ಟವಿಲ್ಲ. ನಕ್ಷೆಯಿಲ್ಲದೆ ಕಟ್ಟಿದ ಮನೆಯಲ್ಲಿ ಪ್ರತಿ ನೋಟಿಸಿಗೂ ಬೆಚ್ಚಿ ಬದುಕುವುದು ನಷ್ಟ. ಈ ವಾರವೇ ಕ್ರಯಪತ್ರ ಮತ್ತು ಇ–ಖಾತಾ ತೆಗೆದು ಹೆಸರು, ಅಳತೆ, ಚಕ್ಕುಬಂದಿ ತಾಳೆ ನೋಡಿ. ಅಲ್ಲಿಂದ ಶುರುಮಾಡಿ, ಧೈರ್ಯವಾಗಿ ಮುಂದುವರಿಯಿರಿ.