ಮಗ್ಗದ ಸದ್ದಿನ ನಡುವೆ ಒಂದು ಪಾಠ

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಸೋಂಕಿನಿಂದಾಗಿ ಶಾಲೆಗಳು ಮುಚ್ಚಿದವು. ಆ ವರ್ಷದ ಮಳೆಗಾಲದಲ್ಲಿ ಇಳಕಲ್ಲಿನ ನನ್ನ ಮನೆಯಲ್ಲಿ ಕುಳಿತು, ಕಂಪ್ಯೂಟರಿನಲ್ಲಿ ಕನ್ನಡವನ್ನು ಬೆರಳಚ್ಚಿಸುವ ಬಗೆಯನ್ನು ತಿಳಿಸುವ ದೃಶ್ಯಪಾಠವೊಂದನ್ನು ಸಿದ್ಧಪಡಿಸಿದೆನು. ಪರದೆಯ ಮೇಲೆ ನಡೆಯುವುದೆಲ್ಲವನ್ನೂ ದಾಖಲಿಸಿಕೊಳ್ಳುತ್ತ, ಜೊತೆಯಲ್ಲಿ ವಿವರಣೆಯನ್ನು ಹೇಳುತ್ತ ಹೋಗುವುದೇ ಇದರ ಕ್ರಮ.

ಹುನಗುಂದದ ಬಳಿಯ ಹಳ್ಳಿಯ ಬಾಲಕಿಯೊಬ್ಬಳು ಅದನ್ನು ನೋಡಿ, “ಗುರುಗಳ, ಮಗ್ಗದ ಸಪ್ಪಳ ಛಲೋ ಕೇಳತೈತ್ರೀ, ನಿಮ್ಮ ಮಾತು ಕೇಳವಲ್ದು” ಎಂದಳು. ನೆರೆಮನೆಯ ಮಗ್ಗದ ಸದ್ದು ನನ್ನ ಕಿವಿಗೆ ರೂಢಿಯಾಗಿತ್ತು. ಮೈಕಿಗೆ ಅಂತಹ ರೂಢಿಯೆಂಬುದಿಲ್ಲ!

ಚಿತ್ರವು ತುಸು ಮಸುಕಾದರೂ ನೋಡುವವರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಪಾಠವೇ ಇಲ್ಲ. ಮಗ್ಗಗಳು ನಿಂತ ಮೇಲೆ, ರಾತ್ರಿ, ಫ್ಯಾನನ್ನೂ ನಿಲ್ಲಿಸಿ ಕುಳಿತೆನು. ಆದರೆ ಬರಿಗೋಡೆಗಳಿಂದ ಧ್ವನಿಯು ಮರಳಿ, ಬಾದಾಮಿಯ ಗುಹೆಯಲ್ಲಿ ಮಾತನಾಡಿದಂತಾಯಿತು. ಮನೆಯವರು ಹೊಲಿದಿದ್ದ ಎರಡು ಕೌದಿಗಳನ್ನು ಗೋಡೆಗೆ ತೂಗುಹಾಕಿದೆನು. ದಪ್ಪ ಬಟ್ಟೆಯು ಧ್ವನಿಯನ್ನು ಹೀರುವುದರಿಂದ ಮಾರ್ದನಿ ಅಡಗಿತು. ಮೈಕನ್ನು ಬಾಯಿಂದ ಗೇಣು ದೂರದಲ್ಲಿ, ಓರೆಯಾಗಿ ಇರಿಸಿದೆನು. ನೇರವಾಗಿದ್ದರೆ ಪಕಾರ, ಭಕಾರಗಳ ಉಸಿರು ಅದಕ್ಕೆ ಬಡಿಯುತ್ತದೆ.

ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಪಾಠಗಳು ಕನ್ನಡದಲ್ಲಿಯೂ ಉಂಟು. ಒಂದೊಂದೂ ಸುಮಾರು 10 ನಿಮಿಷದ್ದು. ಹೇಳಬೇಕಾದ ಮಾತನ್ನು ಮೊದಲು ಬರೆದುಕೊಂಡು, ಬಳಿಕ ದಾಖಲಿಸುವುದು ಅವುಗಳ ಪದ್ಧತಿ. ನಾನೂ ಹಾಗೆಯೇ ಮಾಡಲು, 38 ನಿಮಿಷದ ಪಾಠವು 9ಕ್ಕೆ ಇಳಿಯಿತು. ಆ ಬಾಲಕಿ ನೋಡುವುದು ಅಂಗೈಯಗಲದ ಫೋನಿನಲ್ಲಿ. ಆದುದರಿಂದ ಪರದೆಯ ಅಕ್ಷರಗಳನ್ನು ಇಮ್ಮಡಿ ದೊಡ್ಡದಾಗಿಸಿದೆನು.

ಶಾಲೆ ತೆರೆದ ಬಳಿಕ ಆಕೆ ತನ್ನ ಊರನ್ನು ಕುರಿತು ಬೆರಳಚ್ಚಿಸಿದ ಪುಟವೊಂದನ್ನು ತಂದು ತೋರಿಸಿದಳು. ಒತ್ತಕ್ಷರಗಳಲ್ಲಿ ಮಾತ್ರ ತಪ್ಪಿದ್ದಳು. ಆ ಭಾಗವನ್ನು ನಾನೇ ಅವಸರದಿಂದ ದಾಟಿಸಿದ್ದೆನು.