ಸಹಪಠ್ಯ ಚಟುವಟಿಕೆಗಳು: ಗಡಿಭಾಗದ ಕನ್ನಡ ಶಾಲೆಯಲ್ಲಿ ಅವುಗಳ ಸ್ಥಾನ

ಭಾಷಣ, ನಾಟಕ, ಗಾಯನ, ಆಟೋಟ, ಹಸ್ತಪತ್ರಿಕೆ, ಕ್ಷೇತ್ರಭೇಟಿ ಮೊದಲಾದವುಗಳನ್ನು ಹಿಂದೆ ಪಠ್ಯೇತರ ಚಟುವಟಿಕೆಗಳೆಂದು ಕರೆಯಲಾಗುತ್ತಿತ್ತು. ಇಂದು ಸಹಪಠ್ಯ ಎಂಬ ಹೆಸರು ಬಳಕೆಯಲ್ಲಿದೆ. ಇವು ಪಾಠದ ಹೊರಗಿನವಲ್ಲ, ಪಾಠದೊಡನೆ ಸಾಗತಕ್ಕವು ಎಂಬುದೇ ಇದರ ಅರ್ಥ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಕಲಮು ಮಗುವಿನ ಸರ್ವಾಂಗೀಣ ವಿಕಾಸ, ಚಟುವಟಿಕೆಗಳ ಮೂಲಕ ಕಲಿಕೆ ಹಾಗೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯ ಮಾಧ್ಯಮ ಈ ಮೂರನ್ನೂ ಒಟ್ಟಿಗೆ ಹೇಳುತ್ತದೆ.

ಗಡಿಭಾಗದ ಅಗತ್ಯ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಡಫಳಾಪುರದಂತಹ ಪರಿಸರದಲ್ಲಿ ಕನ್ನಡ ಮನೆಮಾತಿನ ಮಗುವಿಗೆ ಬಸ್ಸಿನ ಫಲಕ, ಅಂಗಡಿಯ ಹೆಸರು, ಕಚೇರಿಯ ಕಾಗದ ಎಲ್ಲವೂ ಮರಾಠಿಯಲ್ಲಿ ಎದುರಾಗುತ್ತವೆ. ಮನೆಯ ಕನ್ನಡಕ್ಕೂ ಬಾಲಭಾರತಿ ಪುಸ್ತಕದ ಕನ್ನಡಕ್ಕೂ ಅಂತರವಿದೆ. ಪುಸ್ತಕದ ಕನ್ನಡವನ್ನು ಮಗು ಉತ್ತರ ಬರೆಯಲು ಬಳಸುತ್ತದೆ. ಅದನ್ನು ನಾಲ್ಕು ಜನರ ಎದುರು ನುಡಿಯುವ ಸಂದರ್ಭ ಪರಿಪಾಠದಲ್ಲಿ, ಸ್ನೇಹಸಮ್ಮೇಳನದಲ್ಲಿ ಮಾತ್ರ ಒದಗುತ್ತದೆ. ಅದೂ ಇಲ್ಲವಾದರೆ ಕನ್ನಡವು ಪರೀಕ್ಷೆಯ ಭಾಷೆಯಾಗಿಯೇ ಉಳಿದೀತು. ತಮ್ಮ ಮಗು ವೇದಿಕೆಯಲ್ಲಿ ನಿಸ್ಸಂಕೋಚವಾಗಿ ಮಾತನಾಡುವುದನ್ನು ಕೇಳಿದ ಪಾಲಕರಿಗೆ ಶಾಲೆಯ ಮೇಲಿನ ವಿಶ್ವಾಸವೂ ದೃಢವಾಗುತ್ತದೆ. ಪಟಸಂಖ್ಯೆಯ ಚಿಂತೆಯಲ್ಲಿರುವ ಶಾಲೆಗೆ ಇದು ಸಣ್ಣ ಲಾಭವಲ್ಲ.

ಒಂದು ಉದಾಹರಣೆ: ಊರಿನ ಇತಿಹಾಸ ಸಂಗ್ರಹ

ಡಫಳೆ ಮನೆತನದ ಹೆಸರು ಈ ಊರಿನೊಡನೆ ಬೆಸೆದುಕೊಂಡಿದೆ. ಡಫಳಾಪುರವು ಒಂದು ಕಾಲಕ್ಕೆ ಪ್ರತ್ಯೇಕ ಚಿಕ್ಕ ಸಂಸ್ಥಾನವಾಗಿದ್ದು, ಮುಂದೆ ಜತ್ತ ಸಂಸ್ಥಾನದಲ್ಲಿ ಸೇರಿತು. 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರಾ ಜಿಲ್ಲೆಗೆ 1960ರಲ್ಲಿ ಸಾಂಗಲಿ ಎಂಬ ಹೆಸರು ಬಂದಿತು. ಈ ಚೌಕಟ್ಟನ್ನು ಶಿಕ್ಷಕರು ಒದಗಿಸಿ, ಬರಗಾಲ, ಜಾತ್ರೆ, ಬಾವಿ, ಸಂತೆಗಳ ಕುರಿತು ಹಿರಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳಬೇಕು. ಹಿರಿಯರು ಮರಾಠಿಯಲ್ಲಿ ಹೇಳಿದುದನ್ನು ಮಗು ಕನ್ನಡದಲ್ಲಿ ಬರೆಯಲಿ. ಅಜ್ಜಿ ಹಾಡಿದ ಸೋಬಾನೆ ಪದವನ್ನು ಇದ್ದಂತೆಯೇ ಬರೆದುಕೊಳ್ಳಲಿ. ಹೀಗೆ ಇತಿಹಾಸ, ಭಾಷೆ, ಪರಿಸರ ಅಧ್ಯಯನಗಳು ಒಂದೇ ಕೆಲಸದಲ್ಲಿ ಕೂಡಿಬರುತ್ತವೆ. ಎರಡು ಭಾಷೆ ಬಲ್ಲುದು ಮಗುವಿನ ಕೊರತೆಯಲ್ಲ, ಬಲವೆಂಬುದೂ ವ್ಯಕ್ತವಾಗುತ್ತದೆ.

ಗಮನಿಸಬೇಕಾದ ಅಂಶಗಳು

1. ಪ್ರತಿ ಕಾರ್ಯಕ್ರಮಕ್ಕೂ ಅದೇ ನಾಲ್ಕೈದು ಜಾಣ ಮಕ್ಕಳನ್ನು ಆರಿಸಬಾರದು. ಬಹುಮಾನ ಬಂದರೂ ಉಳಿದವರು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ.

2. ಕಬ್ಬು ಕಡಿಯುವ ಹಂಗಾಮಿಗೆ ಪಾಲಕರೊಡನೆ ಊರು ಬಿಡುವ ಮಕ್ಕಳಿಗೆ ಚಳಿಗಾಲದ ಸ್ನೇಹಸಮ್ಮೇಳನ ದೊರೆಯುವುದಿಲ್ಲ. ಅವರ ಸರದಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿಯೇ ಇಡಬೇಕು.

3. ವೇಷಭೂಷಣದ ವೆಚ್ಚ ಪಾಲಕರ ಮೇಲೆ ಬೀಳಬಾರದು.

4. ವಾರಗಟ್ಟಲೆ ತಾಲೀಮಿಗಾಗಿ ಪಾಠಗಳನ್ನು ನಿಲ್ಲಿಸಬಾರದು. ದಿನಕ್ಕೆ ಹತ್ತು ನಿಮಿಷದ ಪರಿಪಾಠವು ವರ್ಷಕ್ಕೊಂದು ಸಮ್ಮೇಳನಕ್ಕಿಂತ ಹೆಚ್ಚು ಫಲಕಾರಿ.

ಮೌಲ್ಯಮಾಪನ

ತರಗತಿಯ ಹಾಜರಿ ಪಟದಂತೆಯೇ ಒಂದು ಪಟವಿರಲಿ. ಯಾವ ಮಗು ಎಂದು ಮಾತನಾಡಿತು, ಹಾಡಿತು, ಓದಿ ಹೇಳಿತು ಎಂಬುದನ್ನು ಅದರಲ್ಲಿ ಗುರುತಿಸಬೇಕು. ಸತ್ರದ ಕೊನೆಯಲ್ಲಿ ಯಾರ ಹೆಸರಿನ ಮುಂದೆ ಒಂದೂ ಗುರುತಿಲ್ಲವೋ ಆ ಮಗುವಿನಿಂದಲೇ ಮುಂದಿನ ಸತ್ರದ ಮೊದಲ ಪರಿಪಾಠ ಆರಂಭವಾಗಬೇಕು.